ಒಂಬತ್ತನೇ ನಂಬರಿನ ಎಲುಬು

ಶನಿವಾರ, ಮೂರು ಗಂಟೆ. ಹಂಬರ್ ಕಡೆಯ ಗಾಳಿ
ಉಪ್ಪು ಸವರಿ ಒಣಗಲಿಟ್ಟಿದೆ ನಮ್ಮನ್ನು,
ಮೀನಿನ ಹಾಗೆ, ಸಾಲು ಸಾಲು.
ತಗಡಿನ ಮಾಡಿನಡಿ ನನ್ನ ಎಡಕ್ಕೆ ಎನಿಡ್ ಕ್ಲೆಗ್,
ಎಪ್ಪತ್ತೆಂಟು, ಮಡಿಲಲ್ಲಿ ಫ್ಲಾಸ್ಕು,
ಬಾಯಲ್ಲಿ ಬಿಚ್ಚದ ಬೈಗುಳದ ಗಂಟು.

ಸ್ಕಾರ್ತ್‌ಬಿ ಟೌನ್ ಗೆದ್ದು ಹದಿಮೂರು ವಾರ.
ವರ್ಷಕ್ಕೆ ಮೂವರು ಮ್ಯಾನೇಜರು: ಒಬ್ಬ ತಾಳ್ಮೆ ಕೇಳಿದ,
ಇನ್ನೊಬ್ಬ ಸಮಯ ಕೇಳಿದ,
ಈಗಿನವನು ಏನೂ ಕೇಳುವುದಿಲ್ಲ,
ಕೋಟಿನ ಗುಂಡಿ ಹಾಕಿಕೊಂಡು ಮಳೆ ನೋಡುತ್ತಾನೆ.
ಮಾಲೀಕ ಎಲ್ಲೋ ಬಿಸಿಲಿರುವ ದ್ವೀಪದಲ್ಲಿ.
ಜನವರಿಯಲ್ಲಿ ಇದ್ದೊಬ್ಬ ಒಳ್ಳೆಯ ಆಟಗಾರನನ್ನು ಮಾರಿ
ಹೊಸ ಸ್ಕೋರ್‌ಬೋರ್ಡು ಹಾಕಿಸಿದ.
ಸೋಲು ಈಗ ಬಣ್ಣದಲ್ಲಿ ಕಾಣುತ್ತದೆ.

ನಮ್ಮ ಗೋಲ್‌ಕೀಪರ್ ಎಂಬತ್ತೆಂಟು ನಿಮಿಷ ಬಂಡೆ.
ಎಂಬತ್ತೊಂಬತ್ತಕ್ಕೆ, ಎಣ್ಣೆ ಬಂದಾಗ ಕಣ್ಣು ಮುಚ್ಚುತ್ತಾನೆ.

ನಿಜ ಹೇಳಬೇಕೆಂದರೆ ನಾನು ಮೊದಲು ಟಿಕೆಟ್ ಕೊಂಡದ್ದು ಚಳಿಗೆ.
ಬಾಡಿಗೆ ಕೋಣೆಯ ಹೀಟರು ಕೈಕೊಟ್ಟಿತ್ತು,
ಇಲ್ಲಿ ಜನ ಒತ್ತಿಕೊಂಡು ಕೂರುತ್ತಿದ್ದರು.
ಮೂರನೇ ವಾರ ಕುರ್ಚಿ ಬಿಟ್ಟೆದ್ದು "ಒದಿಯೋ!" ಅಂದೆ.
ಎನಿಡ್ ತಿರುಗಿ ನೋಡಿದಳು. ಅರ್ಥ ಕೇಳಲಿಲ್ಲ.
ಮುಂದಿನ ಕಾರ್ನರಿಗೆ ಅವಳೇ ಕೂಗಿದಳು: "ವಡಿಯೋ!"
ಈಗ ಇಡೀ ಸಾಲಿಗೆ ಆ ಮಾತು ಬರುತ್ತದೆ.
ದಕಾರ ಮಾತ್ರ ಯಾರಿಗೂ ಬರುವುದಿಲ್ಲ.

ಜೋನಾ ಪೆಟಿಫರ್, ಒಂಬತ್ತನೇ ನಂಬರು.
ಮಗು ಹೊಡೆಯುವ ಚೆಂಡು, ಮತ್ತೆ ಕಂಬದಾಚೆ.
"ಹೇಡಿ! ಕಾಲು ಮನೆಯಲ್ಲಿಟ್ಟು ಬಂದೆಯಾ?" ಹಿಂದಿನ ಸಾಲು.
"ಹೆದರುಪುಕ್ಕಲ," ಎನಿಡ್, "ಕಾಲೇ ಚಾಚೋದಿಲ್ಲ."

ನಾನು ಚಹಾ ಊದುತ್ತೇನೆ.
ಆ ಕಾಲು ನನಗೆ ಗೊತ್ತು.

ಅಕ್ಟೋಬರಿನ ಒಂದು ಮಂಗಳವಾರ, ದೀಪದ ಬೆಳಕಿನ ಪಂದ್ಯ.
ನನಗೆ ರಾತ್ರಿ ಪಾಳಿ.
ಎಕ್ಸ್‌ರೇ ಮೇಜಿನ ಮೇಲೆ ಕೆಸರಿನ ಕಾಲುಚೀಲ ಕತ್ತರಿಸಿ ತೆಗೆದೆ.
ಉದ್ದನೆಯ ಬಿಳಿ ಮೂಳೆ, ಅದರಲ್ಲೊಂದು ಗೆರೆ,
ದಿನಾ ಬಳಸುವ ಬಟ್ಟಲಿನ ಬಿರುಕಿನಷ್ಟು.
ಹತ್ತೊಂಬತ್ತರ ಹುಡುಗ. ಅವನ ತಾಯಿ ಹೊರಗೆ
ಪಾರ್ಕಿಂಗ್ ಯಂತ್ರಕ್ಕೆ ಚಿಲ್ಲರೆ ಹುಡುಕುತ್ತಿದ್ದಳು.
ಅಲುಗಾಡಬೇಡ ಅಂದೆ. ಹೇಳದಿದ್ದರೂ ಉಸಿರನ್ನೂ ಹಿಡಿದ.
ಆಮೇಲೆ ಕೇಳಿದ್ದು ನೋವಿನ ಗುಳಿಗೆಯಲ್ಲ:
"ಕೊನೆಗೆ ಗೆದ್ದೆವಾ?"
ರೇಡಿಯೋದಲ್ಲಿ ನಾನು ಕೇಳಿಯಾಗಿತ್ತು.
ಯಂತ್ರದ ಸದ್ದು, ಕೇಳಿಸಲಿಲ್ಲ ಎಂದೆ.

ಕ್ಲಬ್ಬು ಪತ್ರಿಕೆಗೆ ಹೇಳಿದ್ದು: ಸ್ನಾಯು ಸೆಳೆತ.
ನಾಲ್ಕು ತಿಂಗಳ ಸೆಳೆತವೇ ಎಂದು ಊರು ನಕ್ಕಿತು.
ನಾನು ಹೇಳುವಂತಿಲ್ಲ. ಸಂಬಳದ ಜೊತೆ ಬಂದ ಮೌನ.
ಅವನು ಓಡುವಾಗ ಎಲ್ಲರಿಗೂ ಚೆಂಡು ಕಾಣುತ್ತದೆ,
ನನಗೆ ಹಸಿರು ಹುಲ್ಲಿನ ಮೇಲೆ
ಒಂದು ಗೆರೆ, ಓಡುತ್ತಿರುವುದು.

ಇವತ್ತು ಕೊನೆಯ ಪಂದ್ಯ. ಗೆದ್ದರೆ ಉಳಿವು.
ಸೊನ್ನೆ, ಸೊನ್ನೆ. ತೊಂಬತ್ತು ದಾಟಿ ಎರಡು ನಿಮಿಷ.
ಬಲಗಡೆಯಿಂದ ತಗ್ಗಿನಲ್ಲಿ ಬಂತು ಚೆಂಡು,
ಎದುರಿನ ಡಿಫೆಂಡರು ಎತ್ತಿನ ಹಾಗೆ ನುಗ್ಗಿದ,
ಇಡೀ ತಗಡು ಎದ್ದು ನಿಂತಿತು: "ವಡಿಯೋ! ವಡಿಯೋ!"
ಹುಡುಗ ಕಾಲು ಚಾಚಿದ.

ನಾನು ಕಣ್ಣು ಮುಚ್ಚಿಕೊಂಡೆ. ಕಂಡದ್ದೇನೂ ಇಲ್ಲ.
ಕೇಳಿದ್ದು, ಮೊದಲು ಒಂದು ಪೆಟ್ಟು,
ಅದು ಮೂಳೆಯೋ ಕಂಬವೋ ತಿಳಿಯದ ಹಾಗೆ.
ಆಮೇಲೆ ಐದು ಸಾವಿರ ಜನ
ಒಟ್ಟಿಗೆ ಉಸಿರು ಬಿಟ್ಟ ಸದ್ದು.

"ಕಂಬ," ಅಂದಳು ಎನಿಡ್.

ಸೀಟಿ. ಕೆಳಗಿನ ಲೀಗಿಗೆ ಇಳಿದೆವು.
ಒಬ್ಬ ಅಪ್ಪ ಮಗನ ಕೆನ್ನೆಯ ಬಣ್ಣ ಒರೆಸುತ್ತಿದ್ದ,
ಉಗುಳು ಹಚ್ಚಿ, ಕರವಸ್ತ್ರದಿಂದ.
ಎನಿಡ್ ತಳದ ಚಹಾ ನನಗೆ ಸುರಿದಳು.
"ಕಾಲು ಚಾಚಿದ, ನೋಡಿದೆಯಾ?
ಆಗಸ್ಟಿಗೆ ಬಸ್ಸಿನಲ್ಲಿ ಎರಡು ಸೀಟು ಹೇಳಿಬಿಡ್ತೇನೆ.
ಕೆಳಗಿನ ಲೀಗಿನ ಊರುಗಳಲ್ಲಿ ಪೈ ಚೆನ್ನಾಗಿರುತ್ತಂತೆ."

ಸ್ಟ್ಯಾಂಡು ಖಾಲಿಯಾಗುತ್ತಿತ್ತು. ಅವನು ಎದ್ದ.
ಎಡಗಾಲು ಊರಿದ. ಸ್ವಲ್ಪ ತಡೆದು, ಬಲಗಾಲು.
ಸುರಂಗದ ಬಾಯಿಯವರೆಗೆ ಎಣಿಸಿದೆ, ನಲವತ್ತೊಂದು ಹೆಜ್ಜೆ.

ಸೋಮವಾರ ಬೆಳಗಿನ ಪಾಳಿ ನನ್ನದೇ.
ಆ ಹುಡುಗ ಬರದಿರಲಿ.